ಭಾವ ಕೊಟ್ಟ ಹುಲ್ಲು

ಸೇಡು ತೀರಿಸಿಕೊಳ್ಳಬೇಕೆಂದವರು ಕತ್ತಿ ಮಸೆಯುತ್ತಾರೆ, ಇಲ್ಲವೇ ವಕೀಲರ ಬಾಗಿಲು ತಟ್ಟುತ್ತಾರೆ. ಸಸಿಯಮ್ಮ ಬೀನ್ಸ್ ಬೀಜ ನೆನೆಹಾಕುತ್ತಿದ್ದಳು.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೆರಡು ಬೀಜ, ನಾಲ್ಕು ಕಾಗದದ ಲೋಟ. ಮೂರು ಲೋಟಕ್ಕೆ ತನ್ನ ನರ್ಸರಿಯ ಮಡಿಯ ಮಣ್ಣು, ನಾಲ್ಕನೆಯದಕ್ಕೆ ದೂರದಿಂದ ತಂದ ಶುದ್ಧ ಮಣ್ಣು. ಎರಡು ವಾರ ಕಿಟಕಿಯಲ್ಲಿಟ್ಟು ಕಾಯುವುದು. ನಾಲ್ಕನೆಯ ಲೋಟದ ಎಲೆ ಅಗಲವಾಗಿ ಬಿಚ್ಚಿಕೊಂಡು, ಉಳಿದ ಮೂರರ ಎಲೆ ಬಟ್ಟಲಿನಂತೆ ಮುದುಡಿ, ಕಾಂಡ ಹಗ್ಗದಂತೆ ಹುರಿಗೊಂಡರೆ ಮಣ್ಣಿನಲ್ಲಿ ವಿಷ ಇನ್ನೂ ಇದೆಯೆಂದರ್ಥ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ತಜ್ಞರ ಸಹಿಯೂ ಬೇಕಿಲ್ಲ. ಬೀನ್ಸ್ ಗಿಡಕ್ಕೆ ಮುಖಸ್ತುತಿ ಗೊತ್ತಿಲ್ಲ.

ಮುದುಡಿದ ಎಲೆ ಕಂಡಾಗಲೆಲ್ಲ ಅವಳು ಭಾವನ ಮುಖ ನೆನೆಯುತ್ತಿದ್ದಳು. ಬಾಯಲ್ಲಿ ‘ನೀವು’, ಮನಸ್ಸಿನಲ್ಲಿ ‘ಅವನು’. ಸ್ವಂತ ಅಕ್ಕನ ಗಂಡ.

ಭಾವನ ಕೆಲಸ ಆಟದ ಮೈದಾನದ ಹುಲ್ಲು ನೋಡಿಕೊಳ್ಳುವುದು. ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸುವ ಹಾಗೆ ಅವನು ಹುಲ್ಲು ತೋರಿಸುತ್ತಿದ್ದ. ಒಂದು ಕಳೆಯಿಲ್ಲ, ಅಂಗೈಯಗಲ ಬೋಳಿಲ್ಲ. ಹೋದ ವರ್ಷ ಮೈದಾನದವರು ಹೊಸ ಕಳೆನಾಶಕ ತರಿಸಿದರು. ಅಗಲ ಎಲೆಯ ಗಿಡವನ್ನು ಮಾತ್ರ ಕೊಲ್ಲುತ್ತದೆ, ಹುಲ್ಲಿನ ಕೂದಲೂ ಕೊಂಕುವುದಿಲ್ಲ. ಆದರೆ ಹೊಡೆದ ಮೇಲೆ ಕತ್ತರಿಸಿದ ಹುಲ್ಲನ್ನು ಗೊಬ್ಬರಕ್ಕೆ ಬಳಸಬಾರದು, ಯಾರಿಗೂ ಕೊಡಬಾರದು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿತ್ತು. ಹುಲ್ಲು ಕೊಳೆತರೂ ವಿಷ ಕೊಳೆಯುವುದಿಲ್ಲ. ಅಂಥ ಹುಲ್ಲನ್ನು ಊರಾಚೆಯ ಗುಂಡಿಗೆ ಸಾಗಿಸಬೇಕೆಂದರೆ ವಾರಕ್ಕೆರಡು ಸಲ ಗಾಡಿ ಹೊಡೆಯಬೇಕು. ನಾದಿನಿಯ ನರ್ಸರಿ ಮೈದಾನದ ಹಿಂದಿನ ಬೀದಿಯಲ್ಲೇ ಇತ್ತು.

“ನಿನಗೇ ಅಂತ ಎತ್ತಿಟ್ಟಿದ್ದೆ,” ಎಂದು ಮೊದಲ ಗಾಡಿ ಸುರಿಸುವಾಗ ಭಾವ ಹೇಳಿದ್ದ. “ಕೊಳೆಸಿದ್ರೆ ಬಂಗಾರ ಕಣಮ್ಮ.”

ಅವಳು ಕೊಳೆಸಿದಳು. ಆ ಗೊಬ್ಬರವನ್ನು ಮಡಿಗಳಿಗೂ ಸಸಿಯ ತಟ್ಟೆಗಳಿಗೂ ಬೆರೆಸಿದಳು. ಟೊಮೆಟೊ, ಮೆಣಸಿನಕಾಯಿ, ಸೂರ್ಯಕಾಂತಿ, ಬೀನ್ಸ್, ಹೀಗೆ ಒಂದು ಹಂಗಾಮಿನ ಸಸಿಯೆಲ್ಲ ಆ ಮಣ್ಣಿನಲ್ಲೇ ಎದ್ದು ಊರಿನ ಹಿತ್ತಿಲುಗಳಿಗೆ ಹೋದವು. ಮೂರನೆಯ ವಾರ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಕೈಯಲ್ಲಿ ಸುರುಟಿದ ಗಿಡ. ಒಬ್ಬಾಕೆ ಮಾತೇ ಆಡದೆ ಟೊಮೆಟೊ ಗಿಡವನ್ನು ಕಟ್ಟೆಯ ಮೇಲೆ ಮಲಗಿಸಿ ಹೋದಳು, ಹೆಣ ಒಪ್ಪಿಸುವವರಂತೆ.

ಆಗ ಭಾವ ತೋಟಗಾರರ ಸಂಘದಲ್ಲಿ ಹೇಳಿದ ಮಾತು ಇದು: “ಗಿಡ ಅಂದ್ರೆ ಕೈಗುಣ ಸ್ವಾಮಿ. ನಮ್ಮತ್ತೆ ಒಣಕಡ್ಡಿ ಊರಿದ್ರೂ ಚಿಗುರ್ತಿತ್ತು. ದೊಡ್ಡ ಮಗಳಿಗೂ ಅದು ಬಂದಿದೆ. ಚಿಕ್ಕವಳಿಗೆ… ಏನಂತ ಹೇಳೋಣ, ನಮ್ಮವಳೇ ಅಲ್ವಾ.”

ಬೈದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅವನು ಮರುಗಿದ. ಮರುಕಕ್ಕೆ ಕಾಲು ಜಾಸ್ತಿ. ಸಂಜೆಯೊಳಗೆ ಊರು ಸುತ್ತಿ ಬಂತು. ‘ಸಸಿಯಮ್ಮನ ಕೈ ಕೆಟ್ಟಿದೆ’ ಎಂದು ಇಸ್ತ್ರಿ ಅಂಗಡಿಯವನೂ ಅಂದ. ಅವನಿಗೆ ಒಂದು ತುಳಸಿಯಷ್ಟೂ ಗಿಡದ ಗಂಧವಿರಲಿಲ್ಲ.

ಒಂದು ತಿಂಗಳು ಅವಳೂ ಹಾಗೇ ನಂಬಿದ್ದಳು. ಬೀಜ ಮುಟ್ಟುವ ಮೊದಲು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆಮೇಲೆ ಒಂದು ದಿನ ಏಣಿ ತರಲು ಅಕ್ಕನ ಮನೆಯ ಹಿಂದಿನ ಶೆಡ್ಡಿಗೆ ಹೋದಳು. ಮೊಳೆ ತುಂಬಿಡಲು ಭಾವ ಒಂದು ಖಾಲಿ ಡಬ್ಬಿ ಇಟ್ಟುಕೊಂಡಿದ್ದ. ಅಕ್ಷರಗಳನ್ನು ಕೆರೆದು ತೆಗೆದಿದ್ದ, ಚಿತ್ರ ಮರೆತಿದ್ದ: ಗೊಬ್ಬರದ ರಾಶಿ, ಅದರ ಮೇಲೆ ಕೆಂಪು ಅಡ್ಡಗೆರೆ. ಶೆಡ್ಡಿನ ಹೊರಗೆ ಭಾವನ ಇಪ್ಪತ್ತೆರಡು ಡೇಲಿಯ ಕುಂಡಗಳಿದ್ದವು. ಸಂಘದ ಹೂವಿನ ಸ್ಪರ್ಧೆಯಲ್ಲಿ ಒಂಬತ್ತು ವರ್ಷ ಮೊದಲ ಬಹುಮಾನ ಹೊಡೆದ ಡೇಲಿಯಗಳು. ಅವಳು ಬಗ್ಗಿ ಒಂದೊಂದೇ ಕುಂಡದ ಮಣ್ಣು ಕೆದಕಿದಳು. ಎಲೆಗೊಬ್ಬರ, ಮರಳು, ಬೂದಿ. ಬಂಗಾರದಂಥ ಮೈದಾನದ ಹುಲ್ಲು ಒಂದೆಳೆಯೂ ಇರಲಿಲ್ಲ.

ಏಣಿ ಹೊತ್ತುಕೊಂಡು ಸುಮ್ಮನೆ ಮನೆಗೆ ಬಂದಳು. ಕೇಳಿದರೆ ಇಲ್ಲವೆನ್ನುತ್ತಾನೆ. ಡಬ್ಬಿ ತೋರಿಸಿದರೆ ಯಾರದೋ ಡಬ್ಬಿ ಎನ್ನುತ್ತಾನೆ. ನಾಲ್ಕು ಜನರೆದುರು, ಅವನದೇ ಬಾಯಿಂದ, ‘ಅವಳ ಕೈ ಕೆಟ್ಟಿಲ್ಲ, ಹುಲ್ಲು ನನ್ನದು’ ಎಂದು ಹೇಳಿಸಬೇಕು. ಅದಕ್ಕಿಂತ ಒಂದು ಗುಂಜಿ ಕಡಿಮೆಯಾದರೂ ತನಗೆ ಸಾಲದು ಎಂದು ಅವಳು ಅಂದೇ ತೀರ್ಮಾನಿಸಿದಳು.

ಮಣ್ಣಿಗೆ ಮದ್ದು ಸಿಕ್ಕಿದ್ದು ಪಕ್ಕದ ಬೀದಿಯ ಅಣಬೆ ಟೀಚರಿಂದ.

ಟೀಚರು ನಿವೃತ್ತಿಯಾದ ಮೇಲೆ ಮುಚ್ಚಿಹೋದ ಮುದ್ರಣಾಲಯವೊಂದನ್ನು ಬಾಡಿಗೆಗೆ ಹಿಡಿದು ಅಣಬೆ ಬೆಳೆಯುತ್ತಿದ್ದರು. ಹಿಂದೆ ಕಾಗದ ಒಣಹಾಕುತ್ತಿದ್ದ ಕಂಬಿಗಳಿಗೆ ಈಗ ಹುಲ್ಲು ತುಂಬಿದ ಉದ್ದುದ್ದ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿದ್ದವು. ಚೀಲದ ತೂತುಗಳಿಂದ ಅಣಬೆಗಳು ಕಿವಿಯಂತೆ ಹೊರಗೆ ಬಂದಿದ್ದವು. ಗೋಡೆಗೆ ಇನ್ನೂ ಮಸಿಯ ವಾಸನೆಯಿತ್ತು. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಟೀಚರಿಗೆ ಈ ಕಿವಿಗಳ ಬಗ್ಗೆ ಹೆಮ್ಮೆ. “ನನ್ನ ಸರ್ವೀಸಲ್ಲಿ ನಾನು ಹೇಳಿದ್ದನ್ನ ಕೇಳಿಸಿಕೊಂಡಿದ್ದು ಇವು ಮಾತ್ರ,” ಎನ್ನುತ್ತಿದ್ದರು.

ಫಸಲು ಮುಗಿದ ಚೀಲವೊಂದನ್ನು ಸೀಳಿ ಅವರು ಒಳಗಿನದನ್ನು ತೋರಿಸಿದರು. ಹುಲ್ಲೆಲ್ಲ ಬಿಳಿ ನೂಲಿನಲ್ಲಿ ಹೊಲಿದ ಹಾಗೆ ಗಟ್ಟಿಯಾಗಿತ್ತು.

“ಅಣಬೆ ಅಂದ್ರೆ ಈ ನೂಲು. ಮೇಲೆ ಕಾಣೋದು ಬರೀ ಹೂವು. ಮರದ ನಾರು ಗೊತ್ತಲ್ಲ, ಎಷ್ಟು ಗಟ್ಟಿ? ಅದನ್ನೇ ಬಿಡಿಸಿ ತಿನ್ನುತ್ತೆ ಇದು. ನಿಮ್ಮ ಭಾವನ ಔಷಧಿ ಇದಕ್ಕೆ ನಂಚಿಕೊಳ್ಳೋಕೆ.”

“ಎಷ್ಟು ದಿನ ಬೇಕು ಟೀಚರ್?”

“ದಿನದ ಲೆಕ್ಕ ಕೇಳಬೇಡ. ಒಂದು ಬಸಿರಿನಷ್ಟು.”

ಹೀಗೆ ಕೆಲಸ ಶುರುವಾಯಿತು. ಬೇಕರಿಯ ಒಲೆಯಿಂದ ತಂದ ಇದ್ದಿಲ ಪುಡಿ ಒಂದು ಪದರ, ಮಡಿಯ ಕೆಟ್ಟ ಮಣ್ಣು ಒಂದು ಪದರ, ಒಡೆದ ಅಣಬೆ ಮೂಟೆ ಒಂದು ಪದರ, ಹಳೆಯ ಎಲೆಗೊಬ್ಬರ ಒಂದು ಪದರ. ಇದ್ದಿಲು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೂಲು ನಿಧಾನವಾಗಿ ಅದನ್ನು ಬಿಡಿಸುತ್ತದೆ, ಎಲೆಗೊಬ್ಬರ ಆ ನೂಲಿಗೂ ಜೊತೆಯ ಜೀವಿಗಳಿಗೂ ಊಟ. ಮೇಲೆ ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿ ಬಿಡುವುದು. ಮೊದಲೆರಡು ತಿಂಗಳು ಕೆದಕಿದರೆ ನೂಲು ತುಂಡಾಗುತ್ತದೆಂದು ಟೀಚರು ಗದರಿದ್ದರು. ಸಸಿಯಮ್ಮನಿಗೆ ಕೈ ಕಟ್ಟಿ ಕೂರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ದಿನಾ ಬೆಳಿಗ್ಗೆ ಗೋಣಿಗೆ ನೀರು ಚಿಮುಕಿಸುತ್ತ ಭಾವನಿಗೆ ಹೇಳಬೇಕಾದ ಮಾತುಗಳನ್ನು ಉರುಹೊಡೆಯುತ್ತಿದ್ದಳು.

ಎಲ್ಲ ಮಣ್ಣನ್ನೂ ಅವಳು ಮದ್ದಿಗೆ ಹಾಕಲಿಲ್ಲ. ಭಾವನ ಹುಲ್ಲಿನಿಂದಾದ ಗೊಬ್ಬರದಲ್ಲಿ ಒಂದು ಗೋಣಿಚೀಲದಷ್ಟು ತೆಗೆದು, ಬಾಯಿ ಹೊಲಿದು, ತಾರೀಕಿನ ಚೀಟಿ ಕಟ್ಟಿದಳು. ಅದು ಸಾಕ್ಷಿ. ನರ್ಸರಿಯಲ್ಲೇ ಇಟ್ಟುಕೊಂಡರೆ ನೀನೇ ಏನೋ ಬೆರೆಸಿದೆ ಎಂದಾರು. ಟೀಚರು ನಂಬಿಕಸ್ಥರು, ಯಾರ ಕಡೆಯವರೂ ಅಲ್ಲ. ಆದ್ದರಿಂದ ಚೀಲವನ್ನು ಅವರ ಮುದ್ರಣಾಲಯದ ಮೂಲೆಯಲ್ಲಿ, ಫಸಲು ಮುಗಿದ ಮೂಟೆಗಳ ಸಾಲಿನಲ್ಲಿ ಇಟ್ಟು ಬಂದಳು.

ಎಂಟನೆಯ ತಿಂಗಳು ನಾಲ್ಕೂ ಲೋಟದ ಬೀನ್ಸ್ ಒಂದೇ ಸಮನೆ ಎಲೆ ಬಿಚ್ಚಿದವು. ಅವಳು ಅಳತೆಪಟ್ಟಿ ಇಟ್ಟು ನೋಡಿದಳು. ಮಡಿ ಗುಣವಾಗಿತ್ತು. ಅವಳ ಹೊಟ್ಟೆಯೊಳಗಿನ ಉರಿ ಹಾಗೇ ಇತ್ತು.

ಸಂಘದ ತಿಂಗಳ ಸಭೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಗುಲಾಬಿ ಬೆಳೆಯುತ್ತಿದ್ದರು, ಒಂಬತ್ತು ವರ್ಷ ಭಾವನ ಡೇಲಿಯದ ಹಿಂದೆ ಎರಡನೆಯ ಬಹುಮಾನ ಹಿಡಿದು ನಿಂತು ಫೋಟೊ ತೆಗೆಸಿಕೊಂಡವರು. ಆ ಫೋಟೊಗಳಲ್ಲಿ ಯಾವುದರಲ್ಲೂ ಅವರ ಹಲ್ಲು ಕಾಣುವುದಿಲ್ಲ.

ಸ್ಪರ್ಧೆಯ ದಿನ ಸಸಿ ಮಾರಲು ಮೇಜು ಕೊಡಿ ಎಂದು ಸಸಿಯಮ್ಮ ಕೇಳಿದಳು. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇನ್ನೊಂದು ವರ್ಷ ಸುಧಾರಿಸಿಕೊಳ್ಳಮ್ಮ,” ಎಂದ ಭಾವ, ಮುಂದಿನ ಸಾಲಿನಿಂದ ಹಿಂದಕ್ಕೆ ತಿರುಗಿ. “ಜನ ಮರೀಲಿ. ಕೈಗುಣ ಅನ್ನೋದು ಮುನಿಸಿಕೊಂಡ ಮಗು ಇದ್ದ ಹಾಗೆ, ಬಲವಂತ ಮಾಡಬಾರದು.”

“ಭಾವ, ಕೈ ನನ್ನದು ಸರಿಯಾಗೇ ಇದೆ. ನೀವು ಕೊಟ್ಟ ಹುಲ್ಲು ಸರಿ ಇರಲಿಲ್ಲ.”

ಇಷ್ಟು ದಿನ ನುಂಗಿಕೊಂಡದ್ದು ಹೀಗೆ, ಕಾಗುಣಿತ ಒಪ್ಪಿಸುವಷ್ಟು ಸಲೀಸಾಗಿ ಹೊರಬಂತು. ಭಾವ ನಕ್ಕ. ಆದರೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನ ಕೈ ಅಂಗಿಯ ಗುಂಡಿಗೆ ಹೋಯಿತು.

“ನಾನು ವಿಷ ಕೊಟ್ಟೆ ಅಂತಾಳೆ ನೋಡಿ! ಮನೆ ಹುಡುಗಿ ಅಂತ ಮೂರು ಗಾಡಿ ಪುಕ್ಕಟೆ ಕೊಟ್ಟೆ. ಉಪಕಾರ ಮಾಡಿದ್ರೆ ಹೀಗೇನೇ.”

“ಆ ಗೊಬ್ಬರ ಒಂದು ಚೀಲ ಇದೆ. ಬಾಯಿ ಹೊಲಿದು ಟೀಚರ್ ಹತ್ರ ಇಟ್ಟಿದೀನಿ. ಬೀನ್ಸ್ ಹಾಕಿ ನೋಡೋಣ. ಡಾಕ್ಟ್ರೇ, ನೀವೇ ಚೀಲ ಬಿಚ್ಚಿ, ನೀವೇ ಬೀಗ ಹಾಕಿ.”

ಡಾಕ್ಟರ ಕಣ್ಣು ಹೊಳೆಯಿತು. “ವೈಜ್ಞಾನಿಕವಾಗೇ ಮಾಡಿಬಿಡೋಣ,” ಎಂದರು.

ಮರುದಿನ ಅವರೇ ಹೊಲಿಗೆ ಕತ್ತರಿಸಿ, ಆರು ಲೋಟಕ್ಕೆ ಆ ಗೊಬ್ಬರ, ಆರು ಲೋಟಕ್ಕೆ ಶುದ್ಧ ಮಣ್ಣು ತುಂಬಿ, ಬೀಜ ಊರಿ, ವಾಚನಾಲಯದ ಹಿಂದಿನ ಕೋಣೆಯ ಬಿಸಿಲು ಬೀಳುವ ಕಿಟಕಿಯಲ್ಲಿ ನೀರಿನ ತಟ್ಟೆಗಳ ಮೇಲೆ ಸಾಲಾಗಿಟ್ಟು ಬೀಗದ ಕೈ ಜೇಬಿಗೆ ಹಾಕಿಕೊಂಡರು. ಆ ಹದಿನಾಲ್ಕು ದಿನ ಸಸಿಯಮ್ಮ ಮದುವೆ ಗೊತ್ತಾದ ಹುಡುಗಿಯಂತಿದ್ದಳು. ರಸ್ತೆಯಲ್ಲಿ ಭಾವ ಎದುರಾದರೆ ಬೇಕೆಂದೇ ನಿಂತು ಆರೋಗ್ಯ ವಿಚಾರಿಸುತ್ತಿದ್ದಳು. ಅವನ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅದನ್ನು ಕಂಡು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡುತ್ತಿದ್ದಳು.

ಹದಿನೈದನೆಯ ದಿನ ಡಾಕ್ಟರು ಬಾಗಿಲು ತೆಗೆದರು.

ಹನ್ನೆರಡು ಲೋಟದಲ್ಲೂ ಬೀನ್ಸ್ ನೆಟ್ಟಗೆ ನಿಂತಿದ್ದವು. ಒಂದೆಲೆಯೂ ಮುದುಡಿರಲಿಲ್ಲ. ಸಾಲದ್ದಕ್ಕೆ, ಭಾವನ ಗೊಬ್ಬರದಲ್ಲಿ ಬೆಳೆದವು ಶುದ್ಧ ಮಣ್ಣಿನವಕ್ಕಿಂತ ಎರಡು ಬೆರಳು ಎತ್ತರವಾಗಿದ್ದವು.

ಯಾರೋ ಕೆಮ್ಮಿದರು. ಭಾವ ಕಿಟಕಿಯ ಹತ್ತಿರ ಹೋದ, ಬಗ್ಗಿದ, ಒಂದೆಲೆಯನ್ನು ಮೆಲ್ಲಗೆ ಮುಟ್ಟಿದ. ಅವನ ಮುಖದಲ್ಲಿ ಮೊದಲು ಮೂಡಿದ್ದು ಗೆಲುವಲ್ಲ, ಆಶ್ಚರ್ಯ. ಅದನ್ನು ಕಂಡದ್ದು ಸಸಿಯಮ್ಮ ಒಬ್ಬಳೇ. ಮರುಗಳಿಗೆ ಅವನು ಎದೆಯುಬ್ಬಿಸಿ ತಿರುಗಿದ.

“ನೋಡಿದ್ರಾ? ಅಮೃತ ಸ್ವಾಮಿ, ಅಮೃತ! ಇದನ್ನ ಹಾಕಿ ಗಿಡ ಸಾಯಿಸ್ತಾಳೆ ಅಂದ್ರೆ ಆ ಕೈಯನ್ನ ಏನನ್ನಬೇಕು?”

ಸಸಿಯಮ್ಮ ಒಂದು ಲೋಟ ಎತ್ತಿಕೊಂಡು ಅಂಗೈ ಮೇಲೆ ಕವುಚಿದಳು. ಮಣ್ಣು ಉದುರಲಿಲ್ಲ, ಮುದ್ದೆಯಾಗಿ ಇಳಿಯಿತು. ಅದರ ತಳದ ತುಂಬ ಬಿಳಿ ನೂಲು. ಮೂಗಿಗೆ ಹಿಡಿದಳು. ಮುದ್ರಣಾಲಯದ ವಾಸನೆ.

ಟೀಚರು ಅವಳ ಭುಜದ ಮೇಲಿಂದ ನೋಡಿ ಹಣೆ ಚಚ್ಚಿಕೊಂಡರು. “ಅಯ್ಯೋ ನನ್ನ ಬುದ್ಧಿಗಿಷ್ಟು,” ಎಂದು ಕಿವಿಯಲ್ಲಿ ಪಿಸುಗುಟ್ಟಿದರು. “ಮೂಟೆಗಳ ಮಧ್ಯೆ ಇಟ್ಟಿದ್ದೆಯಲ್ಲೇ. ಗೋಣಿ ದಾಟಿ ಒಳಗೆ ನುಗ್ಗಿದೆ. ಒಂಬತ್ತು ತಿಂಗಳು ಬೆಚ್ಚಗೆ ಕೂತು ಪೂರ್ತಿ ತಿಂದುಬಿಟ್ಟಿದೆ.”

ಬೆಕ್ಕಿನ ಮುಂದೆ ಹಾಲಿಟ್ಟು ಕಾವಲು ಕಾಯಲು ಹೇಳಿದ್ದಾಯಿತು. ವಿಷ ತಿನ್ನುವ ಅಣಬೆಯ ಮನೆಯಲ್ಲಿ ವಿಷವನ್ನು ಜೋಪಾನ ಮಾಡಲು ಹೋದದ್ದು ಬೇರೆ ಯಾರೂ ಅಲ್ಲ, ಅಣಬೆಗೆ ವಿಷ ತಿನ್ನಿಸುತ್ತಿದ್ದ ಅವರಿಬ್ಬರೇ. ಇದನ್ನು ಈಗ ಇಲ್ಲಿ ಹೇಳಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಕೋಣೆಯೆಲ್ಲ ನಗುತ್ತಿತ್ತು. ಭಾವನ ಆ ಮೊದಲ ಗಳಿಗೆಯ ಮುಖ ಕಣ್ಣ ಮುಂದೆ ಬಂತು. ಅವನು ಬೀನ್ಸನ್ನು ನಂಬಿದ್ದ. ತನ್ನ ಸುಳ್ಳು ಅರ್ಧ ನಿಜವಿರಬಹುದು, ಡಬ್ಬಿಯವರು ಸುಮ್ಮನೆ ಹೆದರಿಸಲು ಅಚ್ಚು ಹಾಕಿರಬಹುದು ಎಂದು ಆ ಎಲೆ ಮುಟ್ಟಿದಾಗ ಅವನಿಗೆ ಅನಿಸಿತ್ತು.

ಅವಳೊಳಗೆ ಏನೋ ಒಂದು ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

“ತಪ್ಪಾಯ್ತು ಭಾವ,” ಎಂದಳು. “ನಾನೇ ಸೋತೆ. ಹುಲ್ಲು ಅಮೃತನೇ.”

“ಹೋಗಲಿ ಬಿಡು. ಮನೆಯವಳು ತಾನೇ,” ಎಂದ ಭಾವ, ಧಾರಾಳವಾಗಿ.

“ಆದ್ರೆ ಒಂದು. ಇಷ್ಟು ಒಳ್ಳೇ ಗೊಬ್ಬರ ನಿಮ್ಮ ಡೇಲಿಯಕ್ಕೆ ಯಾಕೆ ಹಾಕಲ್ಲ ನೀವು?”

ಭಾವ ತಡವರಿಸಿದ. “ಅದಕ್ಕೆ… ಅದಕ್ಕೇನು ಬೇಕು. ಅದು ಚೆನ್ನಾಗೇ ಇದೆ.”

“ಬೀನ್ಸ್ ಎರಡು ಬೆರಳು ಹೆಚ್ಚಿಗೆ ಬಂದಿದೆ. ಡೇಲಿಯ ಊಟದ ತಟ್ಟೆ ಅಗಲ ಬರಲ್ವಾ?”

“ಹೌದಲ್ಲ ಸಾಹೇಬ್ರೇ!” ಡಾಕ್ಟರು ಕುರ್ಚಿಯಿಂದೆದ್ದರು. ಒಂಬತ್ತು ವರ್ಷದ ಎರಡನೆಯ ಬಹುಮಾನ ಅವರ ದನಿಯಲ್ಲಿತ್ತು. “ಶನಿವಾರ ನಿಮ್ಮ ಮನೇಲೇ ಒಂದು ಪ್ರಾತ್ಯಕ್ಷಿಕೆ ಇಟ್ಟುಬಿಡಿ. ನಾವೆಲ್ಲ ಬರ್ತೀವಿ. ಕಲಿಯೋಣ. ನಿಮ್ಮದು ಹೇಗೆ ಬರುತ್ತೆ ನೋಡ್ಕೊಂಡು ನನ್ನ ಗುಲಾಬಿಗೂ ಹಾಕ್ತೀನಿ.”

ಹೊರಗೆ ಮೆಟ್ಟಿಲ ಮೇಲೆ ಟೀಚರು ಅವಳ ತೋಳು ಹಿಡಿದರು. “ಚೀಲದಲ್ಲಿದ್ದದ್ದು ಗುಣವಾದ ಗೊಬ್ಬರ. ಮೈದಾನದಲ್ಲಿರೋದು ಈ ವರ್ಷದ ಹಸಿ ವಿಷ. ಅವನಿಗೆ ಹೇಳಿಬಿಡು.”

“ಅವನಿಗೆ ಗೊತ್ತಿಲ್ವಾ ಟೀಚರ್? ಹೊಡೆಯೋನು ಅವನೇ.”

“ಗೊತ್ತಿತ್ತು. ಈಗ ಗೊತ್ತಿಲ್ಲ. ಮರೆಸಿದ್ದು ನಾವು.”

“ನನಗೆ ಒಂಬತ್ತು ತಿಂಗಳು ಹಿಡೀತು ನಂದೇ ಕೈಯನ್ನ ನಂಬೋಕೆ,” ಎಂದಳು ಸಸಿಯಮ್ಮ. “ಅವನು ಒಂದು ಮಾತು ಹೇಳಿದ್ರೆ ಮುಗೀತು. ‘ಹಾಕಬೇಡಿ, ಇದರಲ್ಲಿ ಔಷಧಿ ಇದೆ’ ಅಂತ. ಬಾಯಿ ಇದೆಯಲ್ಲ ಅವನಿಗೆ.”

ಶನಿವಾರ ಬೆಳಿಗ್ಗೆ ಅಕ್ಕನ ಮನೆಯ ಹಿತ್ತಿಲಲ್ಲಿ ಹದಿನೈದು ಜನ ಸೇರಿದ್ದರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು. ಮೈದಾನದಿಂದ ಬಂದ ಹುಲ್ಲು ಒಂದು ಬದಿಯಲ್ಲಿ ರಾಶಿಯಾಗಿತ್ತು. ಅರ್ಧ ಕೊಳೆತು ಬಿಸಿಯಾಗಿ, ಸಿಹಿವಾಸನೆ ಬೀರುತ್ತಿತ್ತು. ಭಾವ ತೋಳು ಮಡಚಿದ. ಮೊದಲ ಕುಂಡದ ಮುಂದೆ ಕೂತು ಒಂದು ಹಿಡಿ ಎತ್ತಿಕೊಂಡ. ಅವನ ಕೈ ಕುಂಡದ ಮೇಲೆ ನಿಂತಿತು.

ಸಸಿಯಮ್ಮ ಅವನ ಮುಷ್ಟಿಯನ್ನೇ ನೋಡುತ್ತಿದ್ದಳು. ಈಗ ಹೇಳಬಹುದು ಅವನು. ಹೇಳಿದರೆ ಗೆದ್ದೆ. ಹೇಳದಿದ್ದರೂ ಗೆದ್ದೆ. ಯಾವುದು ತನಗೆ ಹೆಚ್ಚು ಬೇಕು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಬಂದದ್ದು ಎಷ್ಟು ಬೇಗ ಎಂದರೆ ಅವಳಿಗೇ ನಾಚಿಕೆಯಾಯಿತು.

“ಬೀನ್ಸ್ ನಾವೇ ನೋಡಿದ್ವಲ್ಲ,” ಎಂದ ಭಾವ, ಯಾರೂ ಕೇಳದಿದ್ದರೂ. ಮುಷ್ಟಿ ಬಿಚ್ಚಿದ.

ಇಪ್ಪತ್ತೆರಡು ಕುಂಡಕ್ಕೂ ಬುಡ ತುಂಬ ಗೊಬ್ಬರ ಬಿತ್ತು. ಕೊನೆಯ ಐದನ್ನು ಡಾಕ್ಟರೇ ಉತ್ಸಾಹದಿಂದ ತುಂಬಿದರು. ಆಮೇಲೆ ಅಕ್ಕ ನೀರಿನ ಝಾರಿ ತಂದು ಒಂದೊಂದಕ್ಕೂ ನಿಧಾನವಾಗಿ ನೀರುಣಿಸಿದಳು. ವಿಷ ಬೇರಿಗಿಳಿಯಲು ಅದೊಂದೇ ಬಾಕಿಯಿತ್ತು. ಸಸಿಯಮ್ಮ ಚಹಾದ ಲೋಟ ಕೆಳಗಿಟ್ಟು ಮನೆಗೆ ಬಂದಳು.

ಮೂರು ವಾರ ಅವಳು ಆ ಬೀದಿಗೆ ಹೋಗಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಯಾವ ದಿನ ಏನಾಗುತ್ತದೆಂದು ಅವಳಿಗೆ ಬಾಯಿಪಾಠ. ಐದನೆಯ ದಿನ ತುದಿಯೆಲೆ ಒಳಕ್ಕೆ ಬಾಗುತ್ತದೆ. ಒಂಬತ್ತನೆಯ ದಿನ ಹೊಸ ಚಿಗುರು ಮುಷ್ಟಿಯಾಗುತ್ತದೆ. ಹನ್ನೆರಡಕ್ಕೆ ಮೊಗ್ಗಿನ ಕತ್ತು ತಿರುಚಿಕೊಳ್ಳುತ್ತದೆ. ಸಸಿ ಚುಚ್ಚುತ್ತ, ಕುಂಡ ತೊಳೆಯುತ್ತ, ಆ ದಿನಗಳನ್ನು ಒಂದೊಂದೇ ಚಪ್ಪರಿಸಿದಳು.

ಇಪ್ಪತ್ತೊಂದನೆಯ ದಿನ ಅಕ್ಕ ಬಂದಳು. ನರ್ಸರಿಯ ಬಾಗಿಲಲ್ಲೇ ನಿಂತು, ಸೆರಗಿನ ಮರೆಯಿಂದ ಒಂದು ಡೇಲಿಯದ ಕೊಂಬೆ ತೆಗೆದು ಕಟ್ಟೆಯ ಮೇಲಿಟ್ಟಳು. ಎಲೆಗಳೆಲ್ಲ ಬಟ್ಟಲಾಗಿದ್ದವು.

“ಅಣಬೆಯದು ಏನೋ ಮಾಡಿ ಮಣ್ಣು ಸರಿಮಾಡಿಕೊಂಡೆಯಂತೆ. ನಮಗೂ ಕೊಡು.”

“ಭಾವ ಎಲ್ಲಿ?”

“ಶೆಡ್ಡಲ್ಲಿ ಕೂತಿದಾರೆ. ಮಾತಾಡಲ್ಲ, ಊಟ ಸೇರಲ್ಲ. ನಡೆದಿದ್ದೆಲ್ಲ ಹೇಳಿದ್ರು ನಿನ್ನೆ, ಡಬ್ಬಿ ವಿಷಯಾನೂ. ಹಾಳು ಬುದ್ಧಿ ಅವರದು, ನಾನೇನು ಇಲ್ಲ ಅನ್ನಲ್ಲ. ಹೊಟ್ಟೆಗೆ ಹಾಕಿಕೋ ಕಣೇ.”

“ಒಂದು ವರ್ಷದಿಂದ ಹೊಟ್ಟೆಗೇ ಹಾಕಿಕೊಂಡಿದೀನಿ ಅಕ್ಕ. ಅದೇನು ಗೊಬ್ಬರದ ಗುಂಡಿನಾ, ಇನ್ನೂ ಹಿಡಿಯೋಕೆ?”

ಅಕ್ಕ ನಗಲಿಲ್ಲ. “ಬಹುಮಾನ ಅವರು ತಗೋತಿದ್ರು. ಆ ಗೆಡ್ಡೆಗಳನ್ನ ಪ್ರತಿ ವರ್ಷ ಕಿತ್ತು, ತೊಳೆದು, ಮರಳಲ್ಲಿ ಮಲಗಿಸಿ, ಮತ್ತೆ ಎಬ್ಬಿಸ್ತಿದ್ದಿದ್ದು ನಾನು. ನಿನಗೆ ಗೊತ್ತಿಲ್ವಾ ಅದು?”

ಗೊತ್ತಿತ್ತು. ಭಾವನ ಡೇಲಿಯ ಎಂದು ಎಷ್ಟು ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದಳೆಂದರೆ, ಅದಕ್ಕೆ ನೀರು ಹಾಕುವ ಕೈ ಯಾರದೆಂದು ಆ ಶನಿವಾರ ಕಣ್ಣಾರೆ ಕಂಡಿದ್ದರೂ ಕಾಣಲಿಲ್ಲ. ಒಂದು ಗಳಿಗೆ ಅವಳ ಕೈ ಆ ಕೊಂಬೆಯತ್ತ ಹೋಯಿತು. ಅಷ್ಟರಲ್ಲಿ ಅಮ್ಮನ ಹೆಸರು ಹೇಳಿ ಮರುಗಿದ ಭಾವನ ದನಿ ನೆನಪಾಯಿತು, ಕೈ ಹಿಂದಕ್ಕೆ ಬಂತು.

“ಸಭೆಗೆ ಬಂದು ಹೇಳಲಿ. ಎಲ್ಲರೆದುರಿಗೆ. ಆಮೇಲೆ ಕೊಡ್ತೀನಿ.”

ಭಾವ ಬಂದ. ವಾಚನಾಲಯದ ಕೋಣೆ ಎಂದೂ ಇಲ್ಲದಷ್ಟು ತುಂಬಿತ್ತು. ಇಂಥದ್ದಕ್ಕೆ ಜನರಿಗೆ ಕರೆಯೋಲೆ ಬೇಕಾಗುವುದಿಲ್ಲ. ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಭಾವ ಎದ್ದು ನಿಂತು ನೆಲ ನೋಡುತ್ತ ಗೊಣಗಿದ.

“ಸ್ವಲ್ಪ ಜೋರಾಗಿ ಸಾಹೇಬ್ರೇ,” ಎಂದರು ಡಾಕ್ಟರು.

“ಹುಲ್ಲಿಗೆ ಔಷಧಿ ಹೊಡೆದಿತ್ತು. ಕೊಡಬಾರದು ಅಂತ ಗೊತ್ತಿತ್ತು. ಕೊಟ್ಟೆ.”

“ಕೈ?” ಎಂದಳು ಸಸಿಯಮ್ಮ ತನ್ನ ಜಾಗದಿಂದ.

ಅವನು ಅವಳತ್ತ ನೋಡಿದ. ಕಣ್ಣು ಕೆಂಪಾಗಿತ್ತು. “ನಿನ್ನ ಕೈಯಲ್ಲಿ ಏನೂ ದೋಷ ಇರಲಿಲ್ಲಮ್ಮ. ಸುಳ್ಳು ಹಬ್ಬಿಸಿದ್ದು ನಾನು.”

“ಇನ್ನೊಂದು ಸಲ ಹೇಳಿ ಭಾವ.”

ಕೋಣೆಯಲ್ಲಿ ಯಾರಿಗೋ ಅದು ಅತಿಯೆನಿಸಿ ‘ಸಾಕು ಬಿಡಮ್ಮ’ ಎಂದರು. ಅವಳು ಕದಲಲಿಲ್ಲ. ಭಾವ ಇನ್ನೊಂದು ಸಲ ಹೇಳಿದ. ಒಂದು ವರ್ಷ ಉರುಹೊಡೆದ ಮಾತುಗಳಲ್ಲಿ ಒಂದನ್ನೂ ಅವಳು ಆಡಬೇಕಾಗಲಿಲ್ಲ.

ಆಮೇಲೆ ಅವನು ಹತ್ತಿರ ಬಂದು, ಮಗುವಿನ ಕಾಯಿಲೆ ವಿಚಾರಿಸುವ ತಂದೆಯಂತೆ ಕೇಳಿದ: “ಆ ಅಣಬೆ ಮದ್ದು… ಸ್ಪರ್ಧೆಗೆ ಇನ್ನು ಹತ್ತೇ ದಿನ. ಹಾಕಿದ್ರೆ ಎದ್ದೇಳ್ತಾವಾ?”

“ಅದು ಮಣ್ಣಿಗೆ ಭಾವ, ಗಿಡಕ್ಕಲ್ಲ. ಕುಡಿದಿದ್ದನ್ನ ಕಕ್ಕಿಸೋಕೆ ಆಗಲ್ಲ. ಮಣ್ಣು ಸರಿಯಾಗೋಕೆ ಎಂಟು ಒಂಬತ್ತು ತಿಂಗಳು ಬೇಕು.”

“ಇದು ಮೊದಲೇ ಗೊತ್ತಿತ್ತಾ ನಿನಗೆ? ನಿಮ್ಮಕ್ಕ ಬಂದಾಗಲೇ?”

“ಗೊತ್ತಿತ್ತು.”

ಭಾವ ಹೊರಟುಹೋದ. ಆ ವರ್ಷ ಮೊದಲ ಬಹುಮಾನ ಡಾಕ್ಟರ ಗುಲಾಬಿಗೆ ಬಂತು. ಫೋಟೊದಲ್ಲಿ ಅವರ ಮೂವತ್ತೆರಡೂ ಹಲ್ಲು ಕಾಣುತ್ತವೆ.

ಸ್ಪರ್ಧೆ ಮುಗಿದ ಮರುದಿನ ಬೆಳಿಗ್ಗೆ ಅಕ್ಕ ತಳ್ಳುಗಾಡಿಯೊಂದಿಗೆ ನರ್ಸರಿಗೆ ಬಂದಳು. ಕೊಡುತ್ತೇನೆಂದಿದ್ದ ಅಣಬೆ ಮೂಟೆಗಳನ್ನು ಒಂದೊಂದಾಗಿ ಗಾಡಿಗೆ ಹೇರಿಕೊಂಡಳು. ಸಸಿಯಮ್ಮ ಕೈಜೋಡಿಸಲು ಹೋದಾಗ ಬೇಡವೆಂದು ತಲೆಯಾಡಿಸಿದಳು.

“ಬೀನ್ಸ್ ಎದ್ದ ದಿನವೇ ಗೊತ್ತಿತ್ತಂತೆ ನಿನಗೆ, ಚೀಲಕ್ಕೆ ಅಣಬೆ ಹೊಕ್ಕಿತ್ತು ಅಂತ. ಟೀಚರ್ ಹೇಳಿದ್ರು.”

“ಹೌದು.”

“ನಮ್ಮನೆಗೆ ಬಂದು, ನನ್ನ ಕೈಯಿಂದ ಚಹಾ ತಗೊಂಡು, ನೋಡ್ತಾ ನಿಂತಿದ್ದೆ.”

“ಹೌದಕ್ಕ.”

ಅಕ್ಕ ಕೊನೆಯ ಮೂಟೆ ಇಟ್ಟು ಹಗ್ಗ ಬಿಗಿದಳು. ಉಸಿರೆಳೆದುಕೊಂಡು, “ಇನ್ನು ಇದಕ್ಕೆಲ್ಲ ನಾನು ಇಲ್ಲಿಗೆ ಬರಲ್ಲ. ಹೇಗೆ ಮಾಡಬೇಕೋ ಎಲ್ಲ ಇವತ್ತೇ ಹೇಳಿಬಿಡು. ಒಂದೇ ಸಲ,” ಎಂದಳು.

ಸಸಿಯಮ್ಮ ಹೇಳತೊಡಗಿದಳು. ಇದ್ದಿಲನ್ನು ಎಷ್ಟು ನುಣ್ಣಗೆ ಕುಟ್ಟಬೇಕು, ಗೋಣಿ ಎಷ್ಟು ಒದ್ದೆಯಿರಬೇಕು, ಬೇಸಗೆಯಲ್ಲಿ ಯಾವ ಹೊತ್ತಿಗೆ ನೀರು ಹಾಕಬೇಕು. ಅಕ್ಕ ಚಿಕ್ಕಂದಿನಲ್ಲಿ ಪಾಠ ಕೇಳುತ್ತಿದ್ದ ಹಾಗೆಯೇ, ತುಟಿಯಲ್ಲಿ ಮಣಮಣ ಎನ್ನುತ್ತ ನೆನಪಿಟ್ಟುಕೊಳ್ಳುತ್ತಿದ್ದಳು. ಹೇಳುವುದನ್ನು ಸಸಿಯಮ್ಮ ಬೇಕೆಂದೇ ಎಳೆದಳು, ಬೇಡದ ವಿವರ ಸೇರಿಸಿದಳು.

“ಸಸಿಯಮ್ಮಾ! ಇದೀರೇನ್ರೀ?”

ಬಾಗಿಲಲ್ಲಿ ಗಿರಾಕಿಗಳು, ಆರೇಳು ಮಂದಿ. ಮುಂದೆ ನಿಂತಿದ್ದವಳು ಹೋದ ವರ್ಷ ಟೊಮೆಟೊ ಗಿಡವನ್ನು ಕಟ್ಟೆಯ ಮೇಲೆ ಮಲಗಿಸಿ ಹೋಗಿದ್ದಾಕೆ. “ಒಳ್ಳೇದು ನೋಡಿ ನೀವೇ ಆರಿಸಿಕೊಡಿ,” ಎಂದಳು, ಸಂಕೋಚದಿಂದ.

“ಹೋಗು,” ಎಂದಳು ಅಕ್ಕ. “ಕರೀತಿದಾರೆ.”

“ಇನ್ನೂ ಹೇಳೋದಿದೆ ಅಕ್ಕ, ಮಳೆಗಾಲದಲ್ಲಿ…”

“ಸಾಕು. ತಿಳೀತು.”

ಸಸಿಯಮ್ಮ ಹೋದಳು. ಗಟ್ಟಿ ಕಾಂಡದ ಸಸಿಗಳನ್ನು ಒಂದೊಂದಾಗಿ ಎತ್ತಿ, ಬೇರು ಮುರಿಯದಂತೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಹೊಗಳಿದರು, ನಕ್ಕಳು. ತಳ್ಳುಗಾಡಿಯ ಚಕ್ರ ಕಲ್ಲಿಗೆ ಸಿಕ್ಕಿ ಕಿರುಗುಟ್ಟುವುದು ಬೆನ್ನ ಹಿಂದೆ ಕೇಳಿಸಿತು, ಒಮ್ಮೆ ನಿಂತಿತು, ಮತ್ತೆ ಮುಂದೆ ಹೋಯಿತು. ಸಸಿಗೆ ಎಷ್ಟು ಎಂದು ಟೊಮೆಟೊದಾಕೆ ಎರಡನೆಯ ಸಲ ಕೇಳುತ್ತಿದ್ದಳು.